ವೃತ್ತಿ ಮಾರ್ಗದರ್ಶಕರ ಆಯ್ಕೆ

ವೃತ್ತಿ ಮಾರ್ಗದರ್ಶಕರ ಆಯ್ಕೆ ಎಂದರೆ ಉದ್ಯೋಗ ಹುಡುಕುತ್ತಿರುವ ವ್ಯಕ್ತಿಯು ತನ್ನ ವಿದ್ಯೆ, ಕೌಶಲ, ಆಸಕ್ತಿ ಮತ್ತು ಆರ್ಥಿಕ ಸ್ಥಿತಿಗೆ ಹೊಂದುವ ಸಲಹೆಗಾರರನ್ನು ಪರಿಶೀಲಿಸಿ ಗೊತ್ತುಮಾಡಿಕೊಳ್ಳುವ ಕ್ರಮ. ವೃತ್ತಿ ಮಾರ್ಗದರ್ಶಕರನ್ನು ಆಡುಮಾತಿನಲ್ಲಿ ಕೆರಿಯರ್ ಕೋಚ್, ಕೆರಿಯರ್ ಕೌನ್ಸೆಲರ್ ಎಂದೂ ಕರೆಯುವುದುಂಟು. ಅಭ್ಯರ್ಥಿಯ ಸಾಮರ್ಥ್ಯವನ್ನು ಗುರುತಿಸಲು, ಸ್ವವಿವರವನ್ನು ಸಿದ್ಧಪಡಿಸಲು, ಸಂದರ್ಶನಕ್ಕೆ ತಯಾರಾಗಲು ಮತ್ತು ಸೂಕ್ತ ಹುದ್ದೆಗಳನ್ನು ಹುಡುಕಲು ಇವರು ನೆರವಾಗುತ್ತಾರೆ. ಉದ್ಯೋಗವನ್ನು ಕೊಡುವ ಅಥವಾ ಕೊಡಿಸುವ ಅಧಿಕಾರ ಇವರಿಗಿಲ್ಲ. ಈ ವ್ಯತ್ಯಾಸವನ್ನು ತಿಳಿಯದೆ ಹಣ ತೆತ್ತು ನಷ್ಟ ಅನುಭವಿಸುವವರು ಇರುವುದರಿಂದ ಆಯ್ಕೆಯ ವಿಷಯ ಮುಖ್ಯವಾಗುತ್ತದೆ.

ಭಾರತದಲ್ಲಿ ಖಾಸಗಿ ವೃತ್ತಿ ಮಾರ್ಗದರ್ಶನವು ಬಹುಮಟ್ಟಿಗೆ ಮಹಾನಗರಗಳ ಸೇವೆಯಾಗಿ ಬೆಳೆದಿದೆ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಹಾಗೂ ಕೊಳಗಲ್ಲಿನಂತಹ ಗ್ರಾಮಗಳ ಅಭ್ಯರ್ಥಿಗಳು ಈ ಸೇವೆಯನ್ನು ಹೆಚ್ಚಾಗಿ ದೂರವಾಣಿ ಅಥವಾ ಅಂತರಜಾಲದ ಮೂಲಕ ಪಡೆಯಬೇಕಾಗುತ್ತದೆ. ಆಗ ಸಲಹೆಗಾರರಿಗೆ ಸ್ಥಳೀಯ ಉದ್ಯೋಗ ಸನ್ನಿವೇಶದ, ವಿಶೇಷವಾಗಿ ಸಂವಿಧಾನದ 371(ಜೆ) ವಿಧಿಯ ಅರಿವು ಇದೆಯೇ ಎಂಬುದು ಆಯ್ಕೆಯ ಪ್ರಮುಖ ಒರೆಗಲ್ಲಾಗುತ್ತದೆ.

## ಪರಿಭಾಷೆ

ಉದ್ಯೋಗಾಕಾಂಕ್ಷಿಗಳಿಗೆ ನೆರವಾಗುವುದಾಗಿ ಹೇಳುವ ಹಲವು ಬಗೆಯ ಸಂಸ್ಥೆಗಳೂ ವ್ಯಕ್ತಿಗಳೂ ಇದ್ದಾರೆ. ಅವರ ಕೆಲಸ, ಆದಾಯದ ಮೂಲ ಮತ್ತು ಹೊಣೆಗಾರಿಕೆ ಬೇರೆಬೇರೆ.

* ವೃತ್ತಿ ಮಾರ್ಗದರ್ಶಕ: ಅಭ್ಯರ್ಥಿಯಿಂದ ಶುಲ್ಕ ಪಡೆದು, ಅಥವಾ ಸರ್ಕಾರ ಇಲ್ಲವೆ ಶಿಕ್ಷಣ ಸಂಸ್ಥೆಯ ಪರವಾಗಿ ಉಚಿತವಾಗಿ, ಸಲಹೆ ಮತ್ತು ತಯಾರಿಯನ್ನು ನೀಡುವವರು.
* ಆಪ್ತಸಮಾಲೋಚಕ: ಆತಂಕ, ಖಿನ್ನತೆ, ಕೌಟುಂಬಿಕ ಒತ್ತಡಗಳಂತಹ ವಿಷಯಗಳಲ್ಲಿ ನೆರವಾಗುವವರು. ದೀರ್ಘಕಾಲದ ನಿರುದ್ಯೋಗದಿಂದ ಮನಸ್ಸು ಕುಗ್ಗಿದವರಿಗೆ ಮೊದಲು ಬೇಕಾಗುವುದು ಇಂಥವರ ನೆರವಾಗಿರಬಹುದು.
* ನೇಮಕಾತಿ ಏಜೆನ್ಸಿ: ಉದ್ಯೋಗದಾತರ ಪರವಾಗಿ ಅಭ್ಯರ್ಥಿಗಳನ್ನು ಹುಡುಕಿಕೊಡುವ ಸಂಸ್ಥೆ. ಇದರ ಗ್ರಾಹಕ ಕಂಪನಿಯೇ ಹೊರತು ಅಭ್ಯರ್ಥಿಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೆಯ ಒಡಂಬಡಿಕೆಯು ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ಪಡೆಯಬಾರದೆಂಬ ತತ್ತ್ವವನ್ನು ಮುಂದಿಟ್ಟಿದೆ. ಭಾರತ ಈ ಒಡಂಬಡಿಕೆಯನ್ನು ಅನುಮೋದಿಸಿಲ್ಲ.
* ಕೋಚಿಂಗ್ ಕೇಂದ್ರ: ಸ್ಪರ್ಧಾತ್ಮಕ ಪರೀಕ್ಷೆಗಳ ಪಠ್ಯವನ್ನು ಬೋಧಿಸುವ ಸಂಸ್ಥೆ. ಯಾವ ಪರೀಕ್ಷೆ ಬರೆಯಬೇಕೆಂಬ ಪ್ರಶ್ನೆಗೆ ಇದರ ಉತ್ತರ ಸಾಮಾನ್ಯವಾಗಿ ತಾನು ಬೋಧಿಸುವ ಪರೀಕ್ಷೆಯೇ ಆಗಿರುತ್ತದೆ.
* ದಲ್ಲಾಳಿ: ಹಣ ಪಡೆದು ಹುದ್ದೆ ಕೊಡಿಸುವುದಾಗಿ ಹೇಳುವವರು. ಇದು ಮಾರ್ಗದರ್ಶನವಲ್ಲ. ಸರ್ಕಾರಿ ಹುದ್ದೆಯ ವಿಷಯದಲ್ಲಿ ಇದು ಅಪರಾಧವೇ ಆಗುತ್ತದೆ.

ಒಬ್ಬರೇ ವ್ಯಕ್ತಿ ಒಂದಕ್ಕಿಂತ ಹೆಚ್ಚು ಪಾತ್ರಗಳನ್ನು ವಹಿಸುವುದೂ ಉಂಟು. ಅಂಥ ಸಂದರ್ಭದಲ್ಲಿ ಅವರಿಗೆ ಹಣ ಯಾರಿಂದ ಬರುತ್ತದೆ ಎಂಬುದನ್ನು ತಿಳಿದರೆ ಅವರ ಸಲಹೆ ಯಾರ ಹಿತಕ್ಕೆ ಒದಗುತ್ತದೆ ಎಂಬುದು ಬಹುಪಾಲು ಸ್ಪಷ್ಟವಾಗುತ್ತದೆ.

## ಇತಿಹಾಸ

ಆಧುನಿಕ ವೃತ್ತಿ ಮಾರ್ಗದರ್ಶನದ ಮೂಲಪುರುಷನೆಂದು ಅಮೆರಿಕದ ಫ್ರಾಂಕ್ ಪಾರ್ಸನ್ಸ್ ಅವರನ್ನು ಪರಿಗಣಿಸಲಾಗುತ್ತದೆ. ಅವರು 1908ರಲ್ಲಿ ಬಾಸ್ಟನ್ ನಗರದಲ್ಲಿ ಯುವಜನರಿಗಾಗಿ ವೃತ್ತಿ ಸಲಹಾ ಕೇಂದ್ರವೊಂದನ್ನು ಆರಂಭಿಸಿದರು ಮತ್ತು ಅದೇ ವರ್ಷ ನಿಧನರಾದರು. ಅವರ ಗ್ರಂಥ 1909ರಲ್ಲಿ ಪ್ರಕಟವಾಯಿತು. ತನ್ನನ್ನು ತಾನು ಅರಿಯುವುದು, ವೃತ್ತಿಗಳ ಅಗತ್ಯ ಮತ್ತು ಅವಕಾಶಗಳನ್ನು ಅರಿಯುವುದು, ಇವೆರಡನ್ನೂ ವಿವೇಚನೆಯಿಂದ ಹೊಂದಿಸುವುದು ಎಂಬ ಮೂರು ಹಂತಗಳನ್ನು ಪಾರ್ಸನ್ಸ್ ಸೂಚಿಸಿದ್ದರು. ಇಂದಿಗೂ ಬಹುತೇಕ ಮಾರ್ಗದರ್ಶನದ ಚೌಕಟ್ಟು ಇದೇ ಆಗಿದೆ. ಮನೋವಿಜ್ಞಾನಿ ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ ಸಿದ್ಧಾಂತವು ವ್ಯಕ್ತಿಗಳನ್ನೂ ಕೆಲಸದ ಪರಿಸರಗಳನ್ನೂ ಪ್ರಾಯೋಗಿಕ, ಶೋಧನಾತ್ಮಕ, ಕಲಾತ್ಮಕ, ಸಾಮಾಜಿಕ, ಉದ್ಯಮಶೀಲ ಮತ್ತು ವ್ಯವಸ್ಥಾಬದ್ಧ ಎಂಬ ಆರು ಬಗೆಗಳಾಗಿ ವಿಂಗಡಿಸಿತು. ಇಂದು ಬಳಕೆಯಲ್ಲಿರುವ ಹಲವು ಆಸಕ್ತಿ ಪರೀಕ್ಷೆಗಳು ಈ ವಿಂಗಡಣೆಯನ್ನು ಆಧರಿಸಿವೆ.

ಭಾರತದಲ್ಲಿ ಸಾರ್ವಜನಿಕ ಉದ್ಯೋಗ ಸೇವೆ 1945ರಲ್ಲಿ ಆರಂಭವಾಯಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೂ ಯುದ್ಧಕಾಲದ ಕೆಲಸಗಳಿಂದ ಬಿಡುಗಡೆಯಾದವರಿಗೂ ಪುನರ್ವಸತಿ ಕಲ್ಪಿಸುವುದು ಅದರ ಮೊದಲ ಉದ್ದೇಶವಾಗಿತ್ತು. ಮುಂದೆ ಅದನ್ನು ಎಲ್ಲ ಉದ್ಯೋಗಾಕಾಂಕ್ಷಿಗಳಿಗೂ ವಿಸ್ತರಿಸಲಾಯಿತು. 1956ರ ನವೆಂಬರ್ 1ರಿಂದ ಉದ್ಯೋಗ ವಿನಿಮಯ ಕೇಂದ್ರಗಳ ದೈನಂದಿನ ಆಡಳಿತ ರಾಜ್ಯ ಸರ್ಕಾರಗಳ ಕೈಗೆ ಬಂದಿತು. ಎರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಈ ಕೇಂದ್ರಗಳಿಗೆ ವೃತ್ತಿ ಮಾರ್ಗದರ್ಶನದ ಹೊಣೆಯನ್ನೂ ಸೇರಿಸಲಾಯಿತು. ಖಾಲಿ ಹುದ್ದೆಗಳ ಕಡ್ಡಾಯ ಅಧಿಸೂಚನೆಯ ಕಾಯ್ದೆ 1959ರಲ್ಲಿ ಅಂಗೀಕಾರವಾಯಿತು.

ದಶಕಗಳ ಕಾಲ ಉದ್ಯೋಗ ವಿನಿಮಯ ಕೇಂದ್ರದ ಕಾರ್ಡು ಸರ್ಕಾರಿ ನೌಕರಿಯ ಹೆಬ್ಬಾಗಿಲಾಗಿತ್ತು. ಕೇಂದ್ರವು ಕಳುಹಿಸಿದ ಹೆಸರುಗಳನ್ನಷ್ಟೇ ಪರಿಗಣಿಸದೆ ಪತ್ರಿಕೆ ಮುಂತಾದ ಮಾಧ್ಯಮಗಳಲ್ಲೂ ಪ್ರಕಟಣೆ ನೀಡಿ ಅರ್ಹರೆಲ್ಲರಿಗೂ ಅವಕಾಶ ಕೊಡಬೇಕೆಂದು ಸುಪ್ರೀಂ ಕೋರ್ಟ್ 1996ರ ವಿಶ್ವೇಶ್ವರ ರಾವ್ ಪ್ರಕರಣದಲ್ಲಿ ಹೇಳಿತು. ಇದರಿಂದ ಅವಕಾಶ ವಿಸ್ತಾರಗೊಂಡಿತು. ಅದರೊಂದಿಗೆ ಅಧಿಸೂಚನೆಗಳನ್ನು ಹುಡುಕಿ ಅರ್ಥಮಾಡಿಕೊಂಡು ಅರ್ಜಿ ಹಾಕುವ ಹೊಣೆಯೂ ಅಭ್ಯರ್ಥಿಯ ಮೇಲೆ ಬಿದ್ದಿತು. 2015ರ ಜುಲೈ 20ರಂದು ಕೇಂದ್ರ ಸರ್ಕಾರವು ರಾಷ್ಟ್ರೀಯ ವೃತ್ತಿ ಸೇವೆ ಎಂಬ ಜಾಲತಾಣವನ್ನು ಆರಂಭಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯು ಉದ್ಯೋಗ ವಿನಿಮಯ ಕೇಂದ್ರ ಎಂಬ ಹೆಸರಿನ ಬದಲು ವೃತ್ತಿ ಕೇಂದ್ರ ಎಂಬ ಹೆಸರನ್ನು ಬಳಸುತ್ತದೆ. ಸಾರ್ವಜನಿಕ ಸೇವೆಯ ಕೆಲಸವು ಹೆಸರು ನೋಂದಾಯಿಸುವುದರಿಂದ ಮಾರ್ಗದರ್ಶನದ ಕಡೆಗೆ ಹೊರಳಿರುವುದನ್ನು ಈ ಬದಲಾವಣೆ ಸೂಚಿಸುತ್ತದೆ.

## ಮಾರ್ಗದರ್ಶಕರ ಕಾರ್ಯಗಳು

ಉದ್ಯೋಗ ಹುಡುಕಾಟದಲ್ಲಿ ವೃತ್ತಿ ಮಾರ್ಗದರ್ಶಕರು ಸಾಮಾನ್ಯವಾಗಿ ಕೆಳಗಿನ ಕೆಲಸಗಳನ್ನು ಮಾಡುತ್ತಾರೆ.

* ಸಾಮರ್ಥ್ಯದ ಪರಿಶೀಲನೆ: ಅಂಕಪಟ್ಟಿಯಲ್ಲಿ ಕಾಣದ ಕೌಶಲಗಳನ್ನೂ ಗುರುತಿಸುವುದು. ಅಕ್ಕಿ ಗಿರಣಿಯ ಲೆಕ್ಕ ನೋಡಿಕೊಂಡ ಅನುಭವ, ಗಣಿ ಯಂತ್ರದ ದುರಸ್ತಿ, ಹೊಲಿಗೆ ಘಟಕದಲ್ಲಿ ಹತ್ತು ಜನರ ಕೆಲಸದ ಉಸ್ತುವಾರಿ ಇವೆಲ್ಲವೂ ಬೇರೆ ಉದ್ಯೋಗಕ್ಕೆ ಒದಗುವ ಕೌಶಲಗಳು. ಮನೆಯ ಅಥವಾ ಊರಿನ ಕೆಲಸವೆಂಬ ಕಾರಣಕ್ಕೆ ಅಭ್ಯರ್ಥಿಗಳು ಇವನ್ನು ನಮೂದಿಸದೆ ಬಿಡುವುದು ಸಾಮಾನ್ಯ.
* ಸ್ವವಿವರದ ತಯಾರಿ: ಬಯೋಡೇಟಾ ಎಂದು ರೂಢಿಯಲ್ಲಿರುವ ಸ್ವವಿವರವನ್ನು ಆಯಾ ಹುದ್ದೆಗೆ ತಕ್ಕಂತೆ ಬರೆಯಲು ಕಲಿಸುವುದು. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಮೊದಲು ಗಣಕಯಂತ್ರದ ತಂತ್ರಾಂಶ ವಿಂಗಡಿಸುವುದುಂಟು. ಆದ್ದರಿಂದ ಹುದ್ದೆಯ ಪ್ರಕಟಣೆಯಲ್ಲಿರುವ ಪದಗಳಿಗೆ ಸ್ವವಿವರವು ಸ್ಪಂದಿಸಬೇಕಾಗುತ್ತದೆ.
* ಸಂದರ್ಶನದ ಅಭ್ಯಾಸ: ಅಣಕು ಸಂದರ್ಶನ ನಡೆಸಿ ತಪ್ಪುಗಳನ್ನು ತೋರಿಸುವುದು.
* ಹುಡುಕಾಟದ ಯೋಜನೆ: ಎಲ್ಲಿ, ಯಾರ ಮೂಲಕ, ಯಾವ ಕ್ರಮದಲ್ಲಿ ಹುಡುಕಬೇಕೆಂದು ನಿಗದಿಪಡಿಸುವುದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವು, ಹೊಸ ಕೆಲಸದ ಸುದ್ದಿ ಆಪ್ತರಿಗಿಂತ ದೂರದ ಪರಿಚಯದವರಿಂದ ದೊರೆಯುವ ಸಂಭವ ಹೆಚ್ಚೆಂದು ವಾದಿಸಿತು. ಆಪ್ತರಿಗೆ ತಿಳಿದಿರುವುದು ಸಾಮಾನ್ಯವಾಗಿ ಅಭ್ಯರ್ಥಿಗೂ ತಿಳಿದಿರುತ್ತದೆ ಎಂಬುದು ಇದರ ಹಿಂದಿನ ತರ್ಕ.
* ವೇತನದ ಮಾತುಕತೆ: ಉದ್ಯೋಗದ ಪ್ರಸ್ತಾವ ಬಂದಾಗ ವೇತನ, ಕೆಲಸದ ಅವಧಿ, ಭವಿಷ್ಯನಿಧಿ ಮುಂತಾದ ಷರತ್ತುಗಳನ್ನು ಓದಿ ಅರ್ಥಮಾಡಿಕೊಳ್ಳಲು ನೆರವಾಗುವುದು.

ಅಭ್ಯರ್ಥಿಯ ಪರವಾಗಿ ಸ್ವವಿವರವನ್ನು ತಾವೇ ಬರೆದುಕೊಡುವವರಿಗಿಂತ ಬರೆಯುವುದನ್ನು ಕಲಿಸುವವರ ನೆರವು ಹೆಚ್ಚು ಕಾಲ ಉಳಿಯುತ್ತದೆ. ಬೇರೆಯವರು ಬರೆದ ಅಲಂಕಾರದ ವಾಕ್ಯಗಳನ್ನು ಸಂದರ್ಶನದಲ್ಲಿ ವಿವರಿಸಲಾಗದೆ ಹೋದರೆ ಅಭ್ಯರ್ಥಿಯ ನಂಬಿಕೆಯೇ ಪ್ರಶ್ನೆಗೆ ಒಳಗಾಗುತ್ತದೆ.

## ಬಳ್ಳಾರಿ ಪ್ರದೇಶದ ಸನ್ನಿವೇಶ

ಮಾರ್ಗದರ್ಶಕರ ಜ್ಞಾನವನ್ನು ಅಳೆಯಲು ಅಭ್ಯರ್ಥಿಯ ಊರಿನ ಉದ್ಯೋಗ ಸನ್ನಿವೇಶವೇ ಉತ್ತಮ ಮಾಪಕ. ಬಳ್ಳಾರಿ ಜಿಲ್ಲೆಯಲ್ಲಿ ಪರಸ್ಪರ ಬಹಳ ಭಿನ್ನವಾದ ಉದ್ಯೋಗ ಕ್ಷೇತ್ರಗಳಿವೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆಯ ಬೃಹತ್ ಉಕ್ಕಿನ ಕಾರ್ಖಾನೆ, ಕುಡತಿನಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ದೋಣಿಮಲೈಯಲ್ಲಿ ಕೇಂದ್ರ ಸರ್ಕಾರಿ ಸ್ವಾಮ್ಯದ ಎನ್‌ಎಂಡಿಸಿ ಸಂಸ್ಥೆಯ ಕಬ್ಬಿಣದ ಅದಿರಿನ ಗಣಿ ಇವೆ. ಬಳ್ಳಾರಿ ನಗರವು ಜೀನ್ಸ್ ಉಡುಪು ತಯಾರಿಕೆಗೆ ಹೆಸರಾಗಿದೆ. ತುಂಗಭದ್ರಾ ನೀರಾವರಿಯ ಸಿರುಗುಪ್ಪ ಭಾಗದಲ್ಲಿ ಭತ್ತದ ಬೇಸಾಯ ಮತ್ತು ಅಕ್ಕಿ ಗಿರಣಿಗಳು ಪ್ರಧಾನ. 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಳ್ಳಾರಿಯಲ್ಲಿದೆ.

ಈ ಕ್ಷೇತ್ರಗಳಲ್ಲಿ ನೇಮಕಾತಿಯ ದಾರಿ ಒಂದೇ ಬಗೆಯದಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಐಟಿಐ ಮತ್ತು ಡಿಪ್ಲೊಮಾ ಪಡೆದವರಿಗೆ 1961ರ ಶಿಶಿಕ್ಷು ಕಾಯ್ದೆಯಡಿಯ ತರಬೇತಿ ಪ್ರವೇಶದ ಒಂದು ಮಾರ್ಗವಾಗಿದೆ. ಸಣ್ಣ ಹೊಲಿಗೆ ಘಟಕಗಳಲ್ಲೂ ಗಿರಣಿಗಳಲ್ಲೂ ಸ್ವವಿವರಕ್ಕಿಂತ ಪರಿಚಯ ಮತ್ತು ಕೈಕೆಲಸದ ಪರೀಕ್ಷೆ ಮುಖ್ಯವಾಗುತ್ತದೆ. ಬೆಂಗಳೂರಿನ ತಂತ್ರಾಂಶ ಕಂಪನಿಗಳಿಗೆ ಹೊಂದುವ ಸಿದ್ಧ ಮಾದರಿಯನ್ನು ಎಲ್ಲರಿಗೂ ಒಪ್ಪಿಸುವ ಮಾರ್ಗದರ್ಶಕರಿಂದ ಈ ಭಾಗದ ಬಹುತೇಕ ಅಭ್ಯರ್ಥಿಗಳಿಗೆ ಪ್ರಯೋಜನ ಕಡಿಮೆ.

ಒಂದೇ ಉದ್ಯಮವನ್ನು ನೆಚ್ಚಿಕೊಳ್ಳುವುದರ ಅಪಾಯವನ್ನೂ ಈ ಜಿಲ್ಲೆ ಕಂಡಿದೆ. ಅಕ್ರಮ ಗಣಿಗಾರಿಕೆಯ ಹಿನ್ನೆಲೆಯಲ್ಲಿ 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿಯಿತು. ಗಣಿಗಳನ್ನೂ ಅದಿರು ಸಾಗಣೆಯನ್ನೂ ಅವಲಂಬಿಸಿದ್ದ ಕಾರ್ಮಿಕರು, ಲಾರಿ ಚಾಲಕರು ಮತ್ತು ದುರಸ್ತಿಗಾರರು ಕೆಲಸ ಕಳೆದುಕೊಂಡರು. ಇಂಥ ಸಂದರ್ಭದಲ್ಲಿ ಬೇಕಾಗುವುದು ಹಳೆಯ ಕೌಶಲವನ್ನು ಹೊಸ ಕ್ಷೇತ್ರಕ್ಕೆ ಹೊಂದಿಸಬಲ್ಲ ಸಲಹೆ.

### 371(ಜೆ) ವಿಧಿ

2012ರ 98ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯು ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ನೀಡಿತು. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಡಲಾಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗಳು ಇದರ ವ್ಯಾಪ್ತಿಯಲ್ಲಿವೆ.

2013ರ ಆದೇಶದಂತೆ ಈ ಪ್ರದೇಶದ ಸ್ಥಳೀಯ ವೃಂದದ ರಾಜ್ಯ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಎ ಗುಂಪಿನ ಕಿರಿಯ ಶ್ರೇಣಿ ಮತ್ತು ಬಿ ಗುಂಪಿನಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85ರಷ್ಟು ಮೀಸಲಾತಿ ಇದೆ. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8ರಷ್ಟು ಮೀಸಲಾತಿ ದೊರೆಯುತ್ತದೆ. ಇದರ ಲಾಭ ಪಡೆಯಲು ಉಪವಿಭಾಗದ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರ ಅಗತ್ಯ. ಇದು ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಂದ ಪ್ರತ್ಯೇಕವಾದುದು.

ಕರ್ನಾಟಕ ಲೋಕಸೇವಾ ಆಯೋಗ ಮುಂತಾದ ಸಂಸ್ಥೆಗಳ ಅಧಿಸೂಚನೆಗಳಲ್ಲಿ ಉಳಿಕೆ ಮೂಲ ವೃಂದ ಮತ್ತು ಹೈದರಾಬಾದ್ ಕರ್ನಾಟಕ ವೃಂದದ ಹುದ್ದೆಗಳನ್ನು ಬೇರೆಬೇರೆಯಾಗಿ ತೋರಿಸಲಾಗುತ್ತದೆ. ಅರ್ಜಿಯಲ್ಲಿ ಸರಿಯಾದ ಆಯ್ಕೆ ನಮೂದಿಸದಿದ್ದರೆ ಅಥವಾ ಪ್ರಮಾಣಪತ್ರ ಸಕಾಲದಲ್ಲಿ ಇಲ್ಲದಿದ್ದರೆ ಅರ್ಹ ಅಭ್ಯರ್ಥಿಯೂ ಅವಕಾಶ ಕಳೆದುಕೊಳ್ಳಬಹುದು. ಈ ಮೀಸಲಾತಿ ಖಾಸಗಿ ಕಾರ್ಖಾನೆಗಳಿಗಾಗಲಿ, ರೈಲ್ವೆ, ಎನ್‌ಎಂಡಿಸಿ ಮುಂತಾದ ಕೇಂದ್ರ ಸರ್ಕಾರದ ಸಂಸ್ಥೆಗಳಿಗಾಗಲಿ ಅನ್ವಯಿಸುವುದಿಲ್ಲ. ಕೊಳಗಲ್ಲು ಅಥವಾ ಕುರುಗೋಡಿನ ಅಭ್ಯರ್ಥಿಗೆ ಸರ್ಕಾರಿ ನೌಕರಿಯ ಬಗ್ಗೆ ಸಲಹೆ ನೀಡುವವರಿಗೆ ಈ ಸಂಗತಿಗಳು ತಿಳಿದಿರಲೇಬೇಕು. ಮೊದಲ ಭೇಟಿಯಲ್ಲಿಯೇ ಈ ವಿಷಯವನ್ನು ಕೇಳಿ ನೋಡುವುದು ಮಾರ್ಗದರ್ಶಕರನ್ನು ಪರೀಕ್ಷಿಸುವ ಸುಲಭ ವಿಧಾನ.

## ಉಚಿತ ಸಾರ್ವಜನಿಕ ಸೇವೆಗಳು

ಖಾಸಗಿ ಮಾರ್ಗದರ್ಶಕರಿಗೆ ಶುಲ್ಕ ತೆರುವ ಮೊದಲು ಉಚಿತವಾಗಿ ದೊರೆಯುವ ಸೇವೆಗಳನ್ನು ಬಳಸಿ ನೋಡುವುದು ರೂಢಿಯಾಗಬೇಕೆಂದು ಈ ಕ್ಷೇತ್ರದ ಅನುಭವಿಗಳು ಹೇಳುತ್ತಾರೆ. ಹಣ ಕೊಟ್ಟು ಪಡೆಯುವ ಸಲಹೆಯ ಒಂದು ಭಾಗ ಇಲ್ಲಿಯೇ ಸಿಗುತ್ತದೆ. ಉಳಿದುದಕ್ಕೆ ಮಾತ್ರ ಖಾಸಗಿ ನೆರವು ಬೇಕಾಗಬಹುದು.

* ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರ: ಹೆಸರು ನೋಂದಣಿ, ಉದ್ಯೋಗ ಮೇಳಗಳ ಮಾಹಿತಿ ಮತ್ತು ವೃತ್ತಿ ಮಾರ್ಗದರ್ಶನ.
* ರಾಷ್ಟ್ರೀಯ ವೃತ್ತಿ ಸೇವೆ: ಹುದ್ದೆಗಳ ಹುಡುಕಾಟ, ವೃತ್ತಿಗಳ ವಿವರ ಮತ್ತು ಸಮಾಲೋಚನೆ. ಉದ್ಯೋಗಾಕಾಂಕ್ಷಿಗಳ ನೋಂದಣಿಗೆ ಶುಲ್ಕವಿಲ್ಲ.
* ರಾಜ್ಯದ ಕೌಶಲ ಇಲಾಖೆ: ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಯು ಸ್ಕಿಲ್ ಕನೆಕ್ಟ್ ಜಾಲತಾಣದ ಮೂಲಕ ಅಭ್ಯರ್ಥಿಗಳನ್ನೂ ಉದ್ಯೋಗದಾತರನ್ನೂ ಬೆಸೆಯುತ್ತದೆ.
* ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು: ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆ ಅವರ ನೇತೃತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಸಹಯೋಗದೊಂದಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಇವುಗಳಿಗೆ ಮಾದರಿ. ನೌಕರಿಯ ಬದಲು ಸ್ವಂತ ಉದ್ಯೋಗ ಬಯಸುವ ಗ್ರಾಮೀಣ ಯುವಜನರಿಗೆ ಇವು ಉಚಿತ ತರಬೇತಿ ನೀಡುತ್ತವೆ.
* ಕಾಲೇಜುಗಳ ಉದ್ಯೋಗ ಕೋಶ: ಪ್ಲೇಸ್‌ಮೆಂಟ್ ಸೆಲ್ ಎಂದು ಕರೆಯಲಾಗುವ ಈ ಘಟಕಗಳು ಪದವಿ ಮುಗಿಸಿದವರಿಗೂ ಕೆಲವೊಮ್ಮೆ ನೆರವಾಗುತ್ತವೆ. ಹಳೆಯ ವಿದ್ಯಾರ್ಥಿಗಳ ಸಂಪರ್ಕ ಇಲ್ಲಿ ದೊರೆಯುವ ದೊಡ್ಡ ಅನುಕೂಲ.

ಕರ್ನಾಟಕ ಸರ್ಕಾರವು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ನೀಡಿದ ಯುವನಿಧಿ ಯೋಜನೆಯಡಿ, ತೇರ್ಗಡೆಯಾಗಿ 180 ದಿನಗಳಾದರೂ ಉದ್ಯೋಗ ಸಿಗದ ಅರ್ಹ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಭತ್ಯೆ ಗರಿಷ್ಠ ಎರಡು ವರ್ಷಗಳವರೆಗೆ ದೊರೆಯುತ್ತದೆ. ಅರ್ಜಿ ಶುಲ್ಕ, ಪ್ರಯಾಣ, ಅಂತರಜಾಲ ಮುಂತಾದ ಖರ್ಚುಗಳಿಗೆ ಇದು ಆಸರೆ. ಮಾರ್ಗದರ್ಶಕರು ಕೇಳುವ ಶುಲ್ಕ ಎಷ್ಟು ತಿಂಗಳ ಭತ್ಯೆಗೆ ಸಮ ಎಂದು ಲೆಕ್ಕ ಹಾಕಿದರೆ ಅದರ ಭಾರ ಅರಿವಾಗುತ್ತದೆ.

## ಆಯ್ಕೆಯ ಮಾನದಂಡಗಳು

### ಅಗತ್ಯದ ಸ್ಪಷ್ಟತೆ

ಯಾವ ನೆರವು ಬೇಕೆಂಬುದನ್ನು ಅಭ್ಯರ್ಥಿಯೇ ಮೊದಲು ನಿರ್ಧರಿಸಬೇಕಾಗುತ್ತದೆ. ಅರ್ಜಿ ಹಾಕಿದರೂ ಸಂದರ್ಶನಕ್ಕೆ ಕರೆ ಬಾರದಿದ್ದರೆ ಕೊರತೆ ಸ್ವವಿವರದಲ್ಲೋ ಹುದ್ದೆಯ ಆಯ್ಕೆಯಲ್ಲೋ ಇರಬಹುದು. ಕರೆ ಬಂದರೂ ಆಯ್ಕೆಯಾಗದಿದ್ದರೆ ಸಂದರ್ಶನದ ತಯಾರಿ ಬೇಕು. ಯಾವ ಕ್ಷೇತ್ರವೆಂದೇ ತಿಳಿಯದಿದ್ದರೆ ಆಸಕ್ತಿ ಮತ್ತು ಸಾಮರ್ಥ್ಯದ ಪರಿಶೀಲನೆ ಬೇಕು. ಮೂರಕ್ಕೂ ಬೇರೆಬೇರೆ ಪರಿಣತಿ ಅಗತ್ಯ.

### ಅರ್ಹತೆ ಮತ್ತು ಅನುಭವ

ಭಾರತದಲ್ಲಿ ವೃತ್ತಿ ಮಾರ್ಗದರ್ಶಕ ಎಂಬ ಹೆಸರನ್ನು ಬಳಸಲು ಪರವಾನಗಿ ಬೇಕಿಲ್ಲ. ಆದ್ದರಿಂದ ಪ್ರಮಾಣಪತ್ರಗಳನ್ನು ವಿವರವಾಗಿ ನೋಡಬೇಕಾಗುತ್ತದೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಮಾರ್ಗದರ್ಶನ ಮತ್ತು ಸಮಾಲೋಚನೆಯಲ್ಲಿ ಡಿಪ್ಲೊಮಾ ಶಿಕ್ಷಣ ನೀಡುತ್ತದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದರ ಕೇಂದ್ರಗಳಲ್ಲೊಂದು. 1995ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟವು ಮೂರು ಹಂತಗಳ ಮಾನ್ಯತೆ ನೀಡುತ್ತದೆ. ಅವುಗಳಿಗೆ ಕ್ರಮವಾಗಿ 100, 500 ಮತ್ತು 2,500 ಗಂಟೆಗಳ ಕೋಚಿಂಗ್ ಅನುಭವ ಬೇಕು. ಈ ಮಾನ್ಯತೆಯು ಮಾತುಕತೆ ನಡೆಸುವ ಕೌಶಲಕ್ಕೆ ಸಂಬಂಧಿಸಿದ್ದು. ನಿರ್ದಿಷ್ಟ ಉದ್ಯಮದ ಅಥವಾ ಪ್ರದೇಶದ ಜ್ಞಾನವನ್ನು ಅದು ಖಾತರಿಪಡಿಸುವುದಿಲ್ಲ. ಎರಡು ದಿನಗಳ ಕಾರ್ಯಾಗಾರದ ಪ್ರಮಾಣಪತ್ರವೂ ಒಂದು ವರ್ಷದ ಡಿಪ್ಲೊಮಾವೂ ಗೋಡೆಯ ಮೇಲೆ ಒಂದೇ ರೀತಿ ಕಾಣುತ್ತವೆ.

ಪ್ರಮಾಣಪತ್ರವಿಲ್ಲದಿದ್ದರೂ ಆಯಾ ಕ್ಷೇತ್ರದಲ್ಲಿ ದೀರ್ಘಕಾಲ ನೇಮಕಾತಿ ಮಾಡಿದ ಅಧಿಕಾರಿ, ನಿವೃತ್ತ ಅಧ್ಯಾಪಕ ಅಥವಾ ಎಂಜಿನಿಯರ್ ಉತ್ತಮ ಸಲಹೆಗಾರರಾಗಿರಬಹುದು. ಇದೇ ಬಗೆಯ ಅಭ್ಯರ್ಥಿಗಳಿಗೆ ಹಿಂದೆ ನೆರವಾಗಿದ್ದಾರೆಯೇ, ಅವರೊಡನೆ ಮಾತನಾಡಲು ಸಾಧ್ಯವೇ ಎಂದು ಕೇಳುವುದು ಜಾಹೀರಾತಿನ ಪ್ರಶಂಸೆಗಳನ್ನು ಓದುವುದಕ್ಕಿಂತ ವಿಶ್ವಾಸಾರ್ಹ.

### ಭಾಷೆ

ಬಳ್ಳಾರಿ ಭಾಗದಲ್ಲಿ ಕನ್ನಡ, ತೆಲುಗು ಮತ್ತು ಉರ್ದು ಭಾಷೆಗಳು ನಿತ್ಯ ಬಳಕೆಯಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿದ ಅಭ್ಯರ್ಥಿ ಇಂಗ್ಲಿಷ್ ಸಂದರ್ಶನಕ್ಕೆ ತಯಾರಾಗುವಾಗ ತನ್ನ ಅನುಭವವನ್ನು ಮೊದಲು ತನ್ನ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಲು ಕಲಿತರೆ ಮುಂದಿನ ಹಂತ ಸುಲಭವಾಗುತ್ತದೆ. ಅಭ್ಯರ್ಥಿಯ ಭಾಷೆ ತಿಳಿದಿರುವ ಮಾರ್ಗದರ್ಶಕರು ಅವರ ಹಿಂಜರಿಕೆಗೆ ವಿಷಯದ ಕೊರತೆ ಕಾರಣವೋ ಭಾಷೆಯ ಅಳುಕು ಕಾರಣವೋ ಎಂಬುದನ್ನು ಗುರುತಿಸಬಲ್ಲರು.

### ಶುಲ್ಕ ಮತ್ತು ಒಪ್ಪಂದ

ಶುಲ್ಕವನ್ನು ಭೇಟಿಯ ಲೆಕ್ಕದಲ್ಲಿ ಪಡೆಯುವವರೂ ಹಲವು ತಿಂಗಳ ಪ್ಯಾಕೇಜಿಗೆ ಒಟ್ಟಾಗಿ ಪಡೆಯುವವರೂ ಇದ್ದಾರೆ. ಮೊದಲು ಒಂದು ಭೇಟಿಗೆ ಮಾತ್ರ ಶುಲ್ಕ ಕೊಟ್ಟು ಪರೀಕ್ಷಿಸುವುದು ಸುರಕ್ಷಿತ. ಒಪ್ಪಂದದಲ್ಲಿ ಕೆಳಗಿನ ಅಂಶಗಳು ಬರವಣಿಗೆಯಲ್ಲಿ ಇರುವುದು ಅಪೇಕ್ಷಣೀಯ:

* ಭೇಟಿಗಳ ಸಂಖ್ಯೆ, ಅವಧಿ ಮತ್ತು ಮಾಧ್ಯಮ
* ಸಲಹೆ ನೀಡುವ ವ್ಯಕ್ತಿಯ ಹೆಸರು
* ಒಟ್ಟು ಶುಲ್ಕ, ತೆರಿಗೆ ಮತ್ತು ರಸೀದಿ
* ನಡುವೆ ನಿಲ್ಲಿಸಿದರೆ ಹಣ ಮರಳಿಸುವ ನಿಯಮ
* ಅಭ್ಯರ್ಥಿಯ ಮಾಹಿತಿಯನ್ನು ಬೇರೆಯವರಿಗೆ ನೀಡುವುದಿಲ್ಲವೆಂಬ ಭರವಸೆ

ಮೂಲ ಅಂಕಪಟ್ಟಿ, ಆಧಾರ್ ಪ್ರತಿ, ಬ್ಯಾಂಕ್ ವಿವರಗಳು ವೃತ್ತಿ ಮಾರ್ಗದರ್ಶನಕ್ಕೆ ಬೇಕಾಗುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ತಮ್ಮ ಬಳಿ ಇಟ್ಟುಕೊಳ್ಳುವುದಾಗಿ ಹೇಳುವವರಿಂದ ದೂರ ಇರುವುದು ಒಳಿತು.

## ವಂಚನೆ ಮತ್ತು ಕಾನೂನು ರಕ್ಷಣೆ

ಉದ್ಯೋಗದ ಖಾತರಿ ನೀಡುವುದು, ನೋಂದಣಿ ಅಥವಾ ಭದ್ರತಾ ಠೇವಣಿಯ ಹೆಸರಿನಲ್ಲಿ ಮುಂಗಡ ಕೇಳುವುದು, ವೈಯಕ್ತಿಕ ಖಾತೆಗೆ ಹಣ ಹಾಕಲು ಹೇಳುವುದು, ಇಂದೇ ನಿರ್ಧರಿಸಬೇಕೆಂದು ಒತ್ತಾಯಿಸುವುದು, ಸಂದರ್ಶನವೇ ಇಲ್ಲದೆ ನೇಮಕಾತಿ ಪತ್ರ ಕಳುಹಿಸುವುದು ವಂಚನೆಯ ಸಾಮಾನ್ಯ ಲಕ್ಷಣಗಳು.

ಸರ್ಕಾರಿ ಹುದ್ದೆಗಳ ವಿಷಯದಲ್ಲಿ ಇದರ ಪರಿಣಾಮ ಗಂಭೀರ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯಲ್ಲಿ ಅಕ್ರಮ ಬಯಲಾದ ಕಾರಣ 2022ರ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಲಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಹುದ್ದೆಗಾಗಿ ಹಣ ಕೊಟ್ಟವರು ಪ್ರಕರಣ ಎದುರಿಸಬೇಕಾಯಿತು. ಪ್ರಾಮಾಣಿಕವಾಗಿ ಬರೆದವರೂ ವರ್ಷಗಳ ಕಾಲ ಕಾಯಬೇಕಾಯಿತು. ನೇಮಕಾತಿ ಪರೀಕ್ಷೆಗಳ ಅಕ್ರಮ ತಡೆಗೆ ರಾಜ್ಯ ವಿಧಾನಮಂಡಲವು 2023ರಲ್ಲಿ ಪ್ರತ್ಯೇಕ ಮಸೂದೆಯನ್ನು ಅಂಗೀಕರಿಸಿತು.

ವಿದೇಶದ ಉದ್ಯೋಗಗಳಿಗೆ ನೇಮಕಾತಿ ನಡೆಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ನಿಯಮಗಳಲ್ಲಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿ ಇದೆ. ಏಜೆಂಟರ ನೋಂದಣಿಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಬಹುದು.

ಶುಲ್ಕ ಪಡೆದೂ ಒಪ್ಪಿದ ಸೇವೆ ನೀಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರು ಸಲ್ಲಿಸಲು ಅವಕಾಶವಿದೆ. ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ನೀಡಬಹುದು. ಬೆಂಗಳೂರಿನ ಸಂಸ್ಥೆಗೆ ಹಣ ಕೊಟ್ಟ ಕೊಳಗಲ್ಲಿನ ನಿವಾಸಿ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗವನ್ನು ಸಂಪರ್ಕಿಸಬಹುದು. ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಂತರಜಾಲದ ಮೂಲಕ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವಂಚನೆಯು 2023ರ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಡಿ ಅಪರಾಧವಾಗಿದೆ.

ಕೋಚಿಂಗ್ ಕ್ಷೇತ್ರದ ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಆಯ್ಕೆ ಮತ್ತು ಉದ್ಯೋಗದ ಖಾತರಿಯ ಸುಳ್ಳು ಭರವಸೆಗಳನ್ನು ಅದು ನಿಷೇಧಿಸುತ್ತದೆ. ಆದರೆ ಅದರಲ್ಲಿನ ಕೋಚಿಂಗ್ ಎಂಬ ಪದದ ವ್ಯಾಖ್ಯಾನವು ಸಮಾಲೋಚನೆಯನ್ನು ಹೊರಗಿಡುತ್ತದೆ. ಹೀಗಾಗಿ ಕೇವಲ ವೃತ್ತಿ ಸಮಾಲೋಚನೆ ನೀಡುವವರ ವಿಷಯದಲ್ಲಿ ಅಭ್ಯರ್ಥಿಗೆ ಗ್ರಾಹಕ ಕಾಯ್ದೆಯ ಸಾಮಾನ್ಯ ಅವಕಾಶಗಳೇ ಮುಖ್ಯ ಆಸರೆ. ಬರವಣಿಗೆಯ ಒಪ್ಪಂದ ಮತ್ತು ರಸೀದಿಯ ಮಹತ್ವ ಇಲ್ಲಿ ಎದ್ದುಕಾಣುತ್ತದೆ.

## ಮಿತಿಗಳು

ವೃತ್ತಿ ಮಾರ್ಗದರ್ಶನವು ವ್ಯಕ್ತಿಯ ತಯಾರಿಯನ್ನು ಸುಧಾರಿಸಬಲ್ಲದು. ಹುದ್ದೆಗಳನ್ನು ಸೃಷ್ಟಿಸಲಾರದು. ಉದ್ಯೋಗಗಳೇ ವಿರಳವಾದ ಕಡೆ ನಿರುದ್ಯೋಗವನ್ನು ಅಭ್ಯರ್ಥಿಯ ವೈಯಕ್ತಿಕ ಕೊರತೆಯೆಂಬಂತೆ ಬಿಂಬಿಸುತ್ತದೆ ಎಂಬ ಟೀಕೆ ಈ ಕ್ಷೇತ್ರದ ಮೇಲಿದೆ. ಆಸಕ್ತಿ ಪರೀಕ್ಷೆಗಳನ್ನು ಬೇರೆ ದೇಶಗಳ ವೃತ್ತಿಗಳನ್ನು ಗಮನದಲ್ಲಿಟ್ಟು ರಚಿಸಿದ್ದರೆ, ಬೇಸಾಯ ಮತ್ತು ಕೂಲಿ ಎರಡನ್ನೂ ನಡೆಸುವ ಕುಟುಂಬಗಳ ಅನುಭವ ಅವುಗಳಲ್ಲಿ ಸರಿಯಾಗಿ ಮೂಡುವುದಿಲ್ಲ. ಮನೆಯಿಂದ ದೂರ ಹೋಗಲು ಮಹಿಳೆಯರಿಗಿರುವ ಅಡೆತಡೆ, ಬಸ್ ಸೌಕರ್ಯ, ವೃದ್ಧ ತಂದೆತಾಯಿಗಳ ಆರೈಕೆ ಮೊದಲಾದವು ಉದ್ಯೋಗದ ಆಯ್ಕೆಯನ್ನು ಆಸಕ್ತಿಯಷ್ಟೇ ಬಲವಾಗಿ ನಿರ್ಧರಿಸುತ್ತವೆ. ಇವುಗಳನ್ನು ಕೇಳಿ ತಿಳಿದು, ತಮ್ಮ ಸಲಹೆ ಎಲ್ಲಿಯವರೆಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಮುಂಚಿತವಾಗಿ ತಿಳಿಸುವುದು ಉತ್ತಮ ಮಾರ್ಗದರ್ಶಕರ ಲಕ್ಷಣವೆನ್ನಲಾಗುತ್ತದೆ.

## ಇವನ್ನೂ ನೋಡಿ

* ಉದ್ಯೋಗ ವಿನಿಮಯ ಕೇಂದ್ರ
* ಸಂವಿಧಾನದ 371(ಜೆ) ವಿಧಿ
* ಕರ್ನಾಟಕ ಲೋಕಸೇವಾ ಆಯೋಗ
* ಯುವನಿಧಿ ಯೋಜನೆ
* ರುಡ್‌ಸೆಟ್ ಸಂಸ್ಥೆ
* ಬಳ್ಳಾರಿ ಜಿಲ್ಲೆ
* ಕೊಳಗಲ್ಲು